ಪದಚರ್ಚೆ: ‘ಲೈಟೆಡ್ ನಾಕ್’ – ಬಾಣದ ಯಾವ ತುದಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಬಿಲ್ಲುಬೇಟೆಯ ಸಲಕರಣೆಗಳ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಅದರಲ್ಲಿ ಎಲ್ಕ್, ಮೂಸ್, ಬಿಳಿಬಾಲದ ಜಿಂಕೆ, ಕರಿಕರಡಿಗಳ ಬೇಟೆಗೆ ಬಳಸುವ ‘ಲೈಟೆಡ್ ನಾಕ್’ ಕುರಿತ ಅಧ್ಯಾಯದ ಹತ್ತಿರ ಕೆಲಸ ನಿಂತಿದೆ. ಬಾಣದ ಹಿಂಬದಿಯಲ್ಲಿ ಹೆದೆಗೆ ಸಿಕ್ಕಿಸುವ ಪ್ಲಾಸ್ಟಿಕ್ ತುಂಡೇ ನಾಕ್. ಅದರೊಳಗೆ ಎಲ್‌ಇಡಿ, ಕಡ್ಡಿಯಂಥ ಬ್ಯಾಟರಿ ಕೂಡಿಸಿದರೆ ಲೈಟೆಡ್ ನಾಕ್. ಕರಡಿನಲ್ಲಿ ಒಂದು ಕಡೆ ‘ಹೊಳೆಯುವ ತುದಿ’, ಇನ್ನೊಂದು ಕಡೆ ‘ಬೆಳಗುವ ಪುಂಖ’, ಮತ್ತೊಂದು ಕಡೆ ‘ಬಾಲದೀಪ’ ಎಂದಾಗಿದೆ. ‘ಬಿಗ್ ಗೇಮ್’ ಎಂಬುದು ‘ದೊಡ್ಡ ಆಟ’ ಆಗಿಬಿಟ್ಟಿದೆ.

ನಾಕ್‌ಗೆ ನಮ್ಮಲ್ಲಿ ಹೆಸರಿದೆಯೇ? ‘ಲೈಟೆಡ್’ ಎಂಬುದಕ್ಕೆ ಹೊಳೆ, ಬೆಳಗು, ಉರಿ – ಇವುಗಳಲ್ಲಿ ಯಾವುದು ಹೊಂದುತ್ತದೆ? ಒಂದು ವಾಕ್ಯವನ್ನು ಇದ್ದ ಹಾಗೇ ಕೊಡುತ್ತಿದ್ದೇನೆ: ‘ಬಾಣ ಸಿಕ್ಕಿದ ಮೇಲೆ ತುದಿಯನ್ನು ಹಿಡಿದು ಮೆಲ್ಲಗೆ ಎಳೆದು ಆರಿಸಿ.’

ಉತ್ತರ

ಮೊದಲು ಆ ವಾಕ್ಯವನ್ನು ತಿದ್ದಿ, ಉಳಿದದ್ದು ಆಮೇಲೆ. ಬಾಣದ ತುದಿ ಎಂದರೆ ಕನ್ನಡದವರಿಗೆ ಮೊನೆ. ಬೇಟೆಯ ಬಾಣದ ಮೊನೆಯಲ್ಲಿ ಇರುವುದು ಬ್ರಾಡ್‌ಹೆಡ್, ಕ್ಷೌರದ ಬ್ಲೇಡಿನಷ್ಟು ಹರಿತವಾದ ಎರಡು ಮೂರು ಅಲಗು. ‘ತುದಿ ಹಿಡಿದು ಎಳೆಯಿರಿ’ ಎಂದು ಓದಿದವನ ಕೈ ಹೋಗುವುದು ಅಲ್ಲಿಗೇ. ಆದ್ದರಿಂದ ಈ ಅಧ್ಯಾಯದಲ್ಲಿ ‘ತುದಿ’ ಎಂಬ ಮಾತೇ ಬೇಡ. ಮುಂದಿನದು ಮೊನೆ, ಹಿಂದಿನದಕ್ಕೆ ಬೇರೆ ಹೆಸರು.

ಆ ಹೆಸರು ‘ಕಚ್ಚು’ ಆಗಲಿ. ತೆಂಗಿನ ಮರ ಹತ್ತಲು ಕಾಂಡಕ್ಕೆ ಹಾಕುವುದು ಕಚ್ಚು, ಕೊಡಲಿಯಿಂದ ದಿಮ್ಮಿಗೆ ಹಾಕುವುದೂ ಕಚ್ಚು. ಹಿಂದೆ ಬಾಣಕ್ಕೂ ಹೀಗೇ ಕಣೆಯ, ಅಂದರೆ ಬಾಣದ ಉದ್ದನೆಯ ಕಡ್ಡಿಯ, ಹಿಂಭಾಗವನ್ನೇ ಕೊರೆದು ಸೀಳು ಮಾಡುತ್ತಿದ್ದರು. ಈಗ ಅದು ಬೇರೆ ತುಂಡಾಗಿ ಕಣೆಯೊಳಕ್ಕೆ ಕೂರುತ್ತದೆ, ಅಷ್ಟೇ ವ್ಯತ್ಯಾಸ. ಇನ್ನೊಂದು ಅನುಕೂಲವೂ ಇದೆ. ಈ ತುಂಡಿನ ಎರಡು ಕವಲು ಹೆದೆಯನ್ನು ‘ಟಕ್’ ಎಂದು ಕಚ್ಚಿಕೊಳ್ಳುತ್ತವೆ. ಹೆಸರೂ ಕೆಲಸವೂ ಒಂದೇ ಮಾತಿನಲ್ಲಿ ಸಿಕ್ಕಿತು. ಕ್ರಿಯಾಪದವನ್ನು ಹೊಸದಾಗಿ ಮಾಡಬೇಕಿಲ್ಲ: ಬಾಣ ಹೂಡು, ಬಾಣ ತೊಡು. ಕರ್ಣನ ಕತೆ ಕೇಳಿದವರಿಗೆಲ್ಲ ‘ತೊಟ್ಟ ಬಾಣ’ ಗೊತ್ತು.

‘ಪುಂಖ’ ತಪ್ಪಲ್ಲ. ‘ಪುಂಖಾನುಪುಂಖವಾಗಿ’ ಎಂದು ಇವತ್ತಿಗೂ ಬರೆಯುತ್ತೇವೆ. ಒಂದು ಬಾಣದ ಹಿಂದಕ್ಕೆ ಇನ್ನೊಂದು ಬಾಣ ಅಂಟಿಕೊಂಡು ಬಂದ ಹಾಗೆ ಎಂಬುದು ಅದರ ಮೂಲ. ಆದರೆ ಪುಂಖ ಎಂದಾಗ ಗರಿ ಕಟ್ಟಿದ ಇಡೀ ಹಿಂಭಾಗ ಬರುತ್ತದೆ. ಕೈಪಿಡಿಗೆ ಗರಿ ಬೇರೆ, ಕಚ್ಚು ಬೇರೆ ಆಗಿರಬೇಕು. ಕಚ್ಚನ್ನು ತಿರುಗಿಸಿ ಗರಿಗೆ ಹೊಂದಿಸುವ ಹಂತವೊಂದು ಬಂದೇ ಬರುತ್ತದೆ. ಅಲ್ಲಿ ‘ಪುಂಖ ತಿರುಗಿಸಿ’ ಎಂದರೆ ಗರಿಯನ್ನೇ ತಿರುಚುತ್ತಾರೆ.

ಇನ್ನು ‘ಲೈಟೆಡ್’. ‘ಹೊಳೆಯುವ’ ಬೇಡ. ಬ್ಯಾಟರಿ ಇಲ್ಲದ, ಬರೀ ಗಾಢ ಹಳದಿ–ಹಸಿರು ಪ್ಲಾಸ್ಟಿಕ್ಕಿನ ಕಚ್ಚುಗಳೂ ಬಿಸಿಲಿಗೆ ಹೊಳೆಯುತ್ತವೆ, ಅವು ಬೇರೆ ಸರಕು. ‘ಉರಿಯುವ’ ಎಂದರೆ ಉರಿಬಾಣ, ಅಗ್ನಿಬಾಣದ ಕಡೆಗೆ ಮನಸ್ಸು ಹೋಗುತ್ತದೆ. ಇಲ್ಲಿರುವುದು ಹತ್ತುವ, ಆರುವ ದೀಪ. ಆದ್ದರಿಂದ ‘ದೀಪದ ಕಚ್ಚು’. ಸಮಾಸ ಮಾಡಿ ‘ದೀಪಗಚ್ಚು’ ಅಂದರೆ ಸುಣ್ಣದ ಗಾರೆಯ ಗಚ್ಚು ನಡುವೆ ಬಂದು ಕೂರುತ್ತದೆ. ಆ ‘ದ’ ಅಲ್ಲೇ ಇರಲಿ. ಮೊದಲ ಸಲ ‘ಲೈಟೆಡ್ ನಾಕ್ ಎಂಬ ದೀಪದ ಕಚ್ಚು’ ಎಂದು ಬರೆದು, ಮುಂದೆ ಕನ್ನಡದ ಮಾತನ್ನೇ ನಡೆಸಿ. ಲ್ಯುಮೆನಾಕ್, ನಾಕ್ಟರ್ನಲ್ ಎಂಬವು ಕಂಪನಿಯ ಹೆಸರುಗಳು, ಸಾಮಾನ್ಯ ನಾಮವಾಗಿ ಬಳಸಬೇಡಿ.

ದೀಪ ಯಾಕೆ ಬೇಕು ಎಂಬುದನ್ನು ಅಧ್ಯಾಯದ ಮೊದಲಲ್ಲೇ ಹೇಳಿದರೆ ಮಿಕ್ಕ ಮಾತುಗಳು ತಾವೇ ಹೊಂದಿಕೊಳ್ಳುತ್ತವೆ. ಕಾಂಪೌಂಡ್ ಬಿಲ್ಲಿನ (ತುದಿಗಳಲ್ಲಿ ರಾಟೆಯಿರುವ ಈಗಿನ ಬಿಲ್ಲು) ಬಾಣ ಸೆಕೆಂಡಿಗೆ 280 ಅಡಿಯಂತೆ ಹೋದರೆ 20 ಗಜ ದಾಟಲು ಸೆಕೆಂಡಿನ ಐದನೇ ಒಂದು ಭಾಗ ಸಾಕು. ಮಬ್ಬು ಬೆಳಕಿನಲ್ಲಿ ಅದು ಎಲ್ಲಿ ನಾಟಿತೆಂದು ಬರಿಗಣ್ಣಿಗೆ ಕಾಣುವುದಿಲ್ಲ. ದೀಪದ ಗೆರೆ ಕಾಣುತ್ತದೆ, ಪ್ರಾಣಿಯ ಮೈಯಲ್ಲಿ ಯಾವ ಜಾಗಕ್ಕೆ ಹೋಗಿ ನಿಂತಿತು ಎಂಬುದೂ ಕಾಣುತ್ತದೆ. ಬಾಣ ಮೈಯನ್ನು ತೂರಿ ಆಚೆ ಬಿದ್ದಿದ್ದರೆ, ತರಗೆಲೆಯ ನಡುವೆ ಅದನ್ನು ಹುಡುಕಲು ದೀಪವೇ ಗುರುತು. ಆ ಬಾಣದ ಮೇಲಿನ ನೆತ್ತರನ್ನು ಓದಿಯೇ ಎಷ್ಟು ಹೊತ್ತು ಕಾಯಬೇಕೆಂದು ತೀರ್ಮಾನಿಸುವುದು: ನೊರೆಗೂಡಿದ ತಿಳಿಗೆಂಪಾದರೆ ಶ್ವಾಸಕೋಶ, ಅರ್ಧ ಗಂಟೆ ಸಾಕು. ಕಡುಗೆಂಪಾದರೆ ಯಕೃತ್ತು, ನಾಲ್ಕರಿಂದ ಆರು ಗಂಟೆ. ಹಸಿರು–ಕಂದು ಕಲೆ, ನಾತ ಇದ್ದರೆ ಹೊಟ್ಟೆಗೆ ತಗುಲಿದೆ, ಎಂಟರಿಂದ ಹನ್ನೆರಡು ಗಂಟೆ. ಅವಸರಪಟ್ಟು ಜಾಡು ಹಿಡಿದು ಹೋದರೆ ಗಾಯಗೊಂಡ ಪ್ರಾಣಿ ಮತ್ತೆ ಎದ್ದು ದೂರ ಓಡಿ, ಸಿಗದೆ ನರಳಿ ಸಾಯುತ್ತದೆ. ‘ಬ್ಲಡ್ ಟ್ರೇಲ್’ ಎಂಬುದನ್ನು ‘ನೆತ್ತರ ಜಾಡು’ ಎನ್ನಿ. ‘ರಕ್ತದ ಹಾದಿ’ ಎಂದರೆ ರಾಜಕೀಯ ಲೇಖನದ ಹಾಗೆ ಕೇಳುತ್ತದೆ.

‘ಬಿಗ್ ಗೇಮ್’ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ‘ದೊಡ್ಡ ಬೇಟೆ’. ‘ಬೇಟೆ ಸಿಕ್ಕಿತು’ ಎನ್ನುವಾಗ ಬೇಟೆ ಎಂದರೆ ಪ್ರಾಣಿಯೇ ತಾನೆ.

ತೂಕದ ಜಾಗದಲ್ಲಿ ಎಚ್ಚರ ಬೇಕು. ಗ್ರೇನ್ ಎಂಬುದು ‘ಧಾನ್ಯ’ ಆಗಬಾರದು. ಅದು ತೂಕದ ಅಳತೆ, ಒಂದು ಪೌಂಡಿಗೆ 7000, ಒಂದು ತೊಲಕ್ಕೆ 180. ಬರಿ ಕಚ್ಚು 10 ಗ್ರೇನಿನ ಆಸುಪಾಸು, ದೀಪದ ಕಚ್ಚು 20ರಿಂದ 30. ಈ ಹೆಚ್ಚುವರಿ ಬೀಳುವುದು ಬಾಣದ ಹಿಂಬದಿಗೆ. ‘ಎಫ್‌ಒಸಿ’ (ಫ್ರಂಟ್ ಆಫ್ ಸೆಂಟರ್) ಎಂದು ಬರುವುದನ್ನು ‘ಮುಂತೂಕ’ ಎನ್ನಬಹುದು: ತೂಗುವ ಬಿಂದು ಕಣೆಯ ನಡುವಿನಿಂದ ಎಷ್ಟು ಮುಂದಿದೆ ಎಂಬುದರ ಶೇಕಡಾ ಲೆಕ್ಕ. ಉದಾಹರಣೆ ಹೀಗೆ ಕೊಡಿ: ಕಚ್ಚಿನ ಸೀಳಿನಿಂದ ಕಣೆಯ ಮುಂಗೊನೆಯವರೆಗೆ 28 ಇಂಚು, ಒಟ್ಟು ತೂಕ 420 ಗ್ರೇನ್, ಬಾಣ ಸಮತೂಕವಾಗಿ ನಿಲ್ಲುವುದು ಹಿಂದಿನಿಂದ 17.5 ಇಂಚಿಗೆ. ನಡು 14, ಮುಂದಿರುವುದು 3.5, ಮುಂತೂಕ ಶೇ. 12.5. ಹಿಂದೆ 15 ಗ್ರೇನ್ ಸೇರಿದರೆ ತೂಗುವ ಬಿಂದು 0.6 ಇಂಚು ಹಿಂದೆ ಸರಿದು ಮುಂತೂಕ ಶೇ. 10.3ಕ್ಕೆ ಇಳಿಯುತ್ತದೆ. ಅದನ್ನು ಮೊದಲಿನಷ್ಟಕ್ಕೆ ತರಲು ಮೊನೆಯಲ್ಲಿ ಸುಮಾರು 25 ಗ್ರೇನ್ ಹೆಚ್ಚಬೇಕು, ಅಂದರೆ 100 ಗ್ರೇನಿನ ಮೊನೆಯ ಬದಲು 125ರದ್ದು. ಆದರೆ ಮೊನೆ ಭಾರವಾದಷ್ಟೂ ಬಿಡುವಾಗ ಕಣೆ ಹೆಚ್ಚು ಬಾಗುತ್ತದೆ, ಆದ್ದರಿಂದ ಕಣೆಯ ಬಿಗುವನ್ನೂ ಮತ್ತೆ ನೋಡಬೇಕು. ಇಷ್ಟೆಲ್ಲ ಬೇಡವೆಂದರೆ ಅಭ್ಯಾಸದ ಬಾಣಗಳಿಗೂ ಅಷ್ಟೇ ತೂಕದ ಕಚ್ಚು ಹಾಕಿ, ಗುರಿಯನ್ನು ಅದಕ್ಕೇ ಹೊಂದಿಸಿಕೊಳ್ಳುವುದು ಸುಲಭ.

ಇನ್ನೊಂದು ಅಭಿಪ್ರಾಯ

ಮೇಲಿನವರ ಮಾತು ಬಹುಪಾಲು ಒಪ್ಪಿಗೆ. ಒಂದು ಹಳೆಯ ಪದ ನೆನಪಿಸಬೇಕು: ಹಿಳುಕು, ಹಳಗನ್ನಡದಲ್ಲಿ ಪಿಳುಕು. ಬಾಣದ ಗರಿಯಿರುವ ಕಡೆಗೆ ಅಚ್ಚಗನ್ನಡ ಹೆಸರು ಅದು. ‘ದೀಪದ ಹಿಳುಕು’ ಎಂದರೆ ಕಿವಿಗೆ ಎಷ್ಟು ಚೆನ್ನ! ಆದರೆ ಕಾವ್ಯದಲ್ಲಿ ಹಿಳುಕು ಇಡೀ ಬಾಣಕ್ಕೂ ನಿಲ್ಲುತ್ತದೆ, ಪುಂಖದ ತೊಡಕು ಇಲ್ಲಿಯೂ ಇದೆ. ಹಾಗಾಗಿ ಗರಿ, ಕಚ್ಚು ಎರಡೂ ಸೇರಿದ ಹಿಂಭಾಗವನ್ನು ಒಟ್ಟಿಗೆ ಹೇಳಬೇಕಾದಲ್ಲಿ ಹಿಳುಕು ಬಳಸಿ: ‘ಹಿಳುಕಿನ ಕಡೆ ಹಿಡಿದು ಬತ್ತಳಿಕೆಯಿಂದ ತೆಗೆಯಿರಿ.’ ಸತ್ತಿಲ್ಲದ ಪದವನ್ನು ಹೂಳುವುದು ಬೇಡ.

‘ದೀಪ’ ಎಂಬುದಕ್ಕೂ ನನ್ನ ಬೆಂಬಲವಿದೆ, ಕಾರಣ ಮಾತ್ರ ಬೇರೆ. ಅಮೆರಿಕದ ಕೆಲವು ರಾಜ್ಯಗಳ ನಿಯಮದಲ್ಲಿ ಬಾಣಕ್ಕೂ ಬಿಲ್ಲಿಗೂ ವಿದ್ಯುತ್ ಸಾಧನ ತಗುಲಿಸಬಾರದೆಂದು ಇತ್ತು. ಬಳಿಕ ದೀಪದ ಕಚ್ಚಿಗೆ ಮಾತ್ರ ವಿನಾಯಿತಿ ಬಂತು. ಬಿಲ್ಲಿನಿಂದ ಹೊಡೆದ ದೊಡ್ಡ ಬೇಟೆಗಳ ದಾಖಲೆ ಇಡುವ, 1961ರಲ್ಲಿ ಶುರುವಾದ ಅಮೆರಿಕದ ಪೋಪ್ ಆ್ಯಂಡ್ ಯಂಗ್ ಕ್ಲಬ್ಬು ಕೂಡ ತನ್ನ ದಾಖಲೆ ಪಟ್ಟಿಗೆ ಮೊದಲು ಇದನ್ನು ಒಪ್ಪುತ್ತಿರಲಿಲ್ಲ, ಆಮೇಲೆ ಒಪ್ಪಿತು. ಪ್ರಾಣಿಯ ಬೆನ್ನು ಹತ್ತುವ ರೇಡಿಯೊ ಸಾಧನ ಬೇರೆ, ಬರೀ ಬೆಳಕು ಬೇರೆ ಎಂಬುದೇ ಆ ಚರ್ಚೆಯ ತಿರುಳು. ‘ವಿದ್ಯುನ್ಮಾನ ಪುಂಖ’ ಎಂದು ಯಾರಾದರೂ ಸೂಚಿಸಿದರೆ ಆ ಭೇದ ಅಳಿಸಿಹೋಗುತ್ತದೆ.

ಮತ್ತೆ ಪ್ರಶ್ನಿಸಿದವರಿಂದ

ಇಬ್ಬರಿಗೂ ತುಂಬಾ ಧನ್ಯವಾದ. ಜೋಡಿಸುವ ಭಾಗವನ್ನು ಹೀಗೆ ತಿದ್ದಿದ್ದೇನೆ, ದಯವಿಟ್ಟು ನೋಡಿ:

‘ಕಣೆಯ ಒಳಗಿನ ಅಗಲ ತಿಳಿದು ಕಚ್ಚು ಕೊಳ್ಳಿ, 0.204 ಇಂಚಿನದು, 0.244 ಇಂಚಿನದು ಒಂದಕ್ಕೊಂದು ಬಾರವು. ಕಣೆಯೊಳಗಿನ ಕಾರ್ಬನ್ ಪುಡಿ, ಹಳೆಯ ಅಂಟನ್ನು ಸ್ಪಿರಿಟ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ಕಚ್ಚನ್ನು ಒತ್ತಿ ಬಿಗಿಯಾಗಿ ಕೂರಿಸಿ, ಅಂಟು ಹಾಕಬೇಡಿ. ಹೆದೆ ಬಿಟ್ಟಾಗ ಅದರ ಒತ್ತಡಕ್ಕೆ ಕಚ್ಚು ಕೂದಲೆಳೆಯಷ್ಟು ಮುಂದೆ ಸರಿದು ಸ್ವಿಚ್ಚು ಕೂಡುತ್ತದೆ, ದೀಪ ಹತ್ತುತ್ತದೆ. ಆರಿಸಲು ಕಚ್ಚನ್ನೇ ಹಿಡಿದು ಅಷ್ಟೇ ಹಿಂದಕ್ಕೆ ಎಳೆಯಿರಿ. ಮೊನೆ ನಿಮ್ಮಿಂದ ಆಚೆಗಿರಲಿ.’

ಒಂದು ಪದ ಉಳಿದಿದೆ: ‘ಡ್ರೈ ಫೈರ್’. ‘ಒಣ ಬೆಂಕಿ’ ಅಂತೂ ಅಲ್ಲ.

ಉತ್ತರ

‘ಬರಿಹೆದೆ ಬಿಡುವುದು’. ಬಾಣವಿಲ್ಲದೆ ಹೆದೆ ಬಿಟ್ಟರೆ ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಬಿಲ್ಲಿನ ಕೈಗಳಿಗೇ ಬಡಿದು ಅವು ಸೀಳುತ್ತವೆ, ಹೆದೆ ಕಡಿಯುತ್ತದೆ. ದೀಪದ ಕಚ್ಚಿಗೂ ಇದಕ್ಕೂ ನೇರ ನಂಟಿದೆ, ತಿದ್ದಿದ ಪಠ್ಯದಲ್ಲಿ ಅದೊಂದೇ ಬಿಟ್ಟುಹೋಗಿದೆ. ಕಚ್ಚು ಹೆದೆಗೆ ಸಡಿಲವಾದರೆ ಎಳೆಯುವಾಗಲೇ ಜಾರಬಹುದು, ಆಗ ಬಿಟ್ಟದ್ದು ಬರಿಹೆದೆಯೇ. ತೀರಾ ಬಿಗಿಯಾದರೆ ಹೂಡಲು ಒತ್ತಿದ ರಭಸಕ್ಕೇ ದೀಪ ಹತ್ತಿ, ಕಾಯುವ ಹೊತ್ತಿನಲ್ಲೇ ಬೆಳಗುತ್ತಿರುತ್ತದೆ. ಆದ್ದರಿಂದ ಈ ಸಾಲುಗಳನ್ನು ಸೇರಿಸಿ:

‘ಬಾಣವನ್ನು ಹೆದೆಗೆ ಸಿಕ್ಕಿಸಿ ಮೊನೆ ಕೆಳಗಾಗಿ ತೂಗಬಿಡಿ. ತಾನಾಗಿ ಬೀಳಬಾರದು, ಕಚ್ಚಿನ ಪಕ್ಕದಲ್ಲಿ ಹೆದೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಬೀಳಬೇಕು. ಬೀಳದಿದ್ದರೆ ಹೆದೆಯ ನಡುವಿಗೆ ಸುತ್ತಿದ ದಾರ ದಪ್ಪವಾಗಿದೆ, ತೆಳ್ಳನೆಯ ದಾರ ಸುತ್ತಿಸಿ. ಪ್ರತಿ ಸಲ ಹೂಡುವ ಮುಂಚೆ ಕಚ್ಚಿನ ಬುಡದಲ್ಲಿ ಬಿರುಕು ಇದೆಯೇ ನೋಡಿ. ಬಿರುಕು ಬಿಟ್ಟದ್ದನ್ನು, ದೀಪ ಇನ್ನೂ ಹತ್ತುತ್ತಿದ್ದರೂ, ಎಸೆಯಿರಿ.’

ಅಡ್ಡಬಿಲ್ಲಿನ (ಕ್ರಾಸ್‌ಬೋ) ವಿಷಯಕ್ಕೆ ಬೇರೆ ವಾಕ್ಯ ಬೇಕು. ಅದರ ಕಚ್ಚುಗಳಲ್ಲಿ ಸಪಾಟು, ಅರೆಚಂದ್ರ, ಕವಲು ಎಂಬ ಬಗೆಗಳಿವೆ. ತಯಾರಕರು ಹೇಳಿದ ಬಗೆಯನ್ನು ಬಿಟ್ಟು ಬೇರೆಯದನ್ನು ಹಾಕಿದರೆ ಹೆದೆ ಬಾಣದ ಮೇಲೋ ಕೆಳಗೋ ಜಾರಿ, ಅಲ್ಲಿಯೂ ಬರಿಹೆದೆ ಬಿಟ್ಟಂತೆಯೇ.