ಪೊಟೆನ್ಷಿಯೊಸ್ಟಾಟ್ ಇಲ್ಲದೆ ಎಲೆಕ್ಟ್ರೋಸಿಂಥೆಸಿಸ್ ಆಗುತ್ತಾ?

ಪ್ರಶ್ನೆ (ಎಂಎಸ್ಸಿ ವಿದ್ಯಾರ್ಥಿನಿ): ಸರ್, ಪ್ರಾಜೆಕ್ಟಿಗೆ ಎಲೆಕ್ಟ್ರೋಸಿಂಥೆಸಿಸ್ (ಕರೆಂಟ್ ಹರಿಸಿ ರಾಸಾಯನಿಕ ತಯಾರಿಸುವುದು) ಮಾಡುತ್ತಿದ್ದೇನೆ, ಅದರಲ್ಲಿ ಶೋನೊ ಆಕ್ಸಿಡೇಶನ್ ಆರಿಸಿಕೊಂಡಿದ್ದೇನೆ. ಮೆಥನಾಲ್‌ನಲ್ಲಿ ಕರೆಂಟ್ ಹರಿಸಿ ಅಮೈಡ್‌ಗೆ ಮೆಥಾಕ್ಸಿ ಸೇರಿಸಬೇಕು. ಲ್ಯಾಬಿನ ಪೊಟೆನ್ಷಿಯೊಸ್ಟಾಟ್ (ಎಲೆಕ್ಟ್ರೋಡ್‌ನ ವೋಲ್ಟೇಜ್ ಸ್ಥಿರವಾಗಿಡುವ ಯಂತ್ರ) ನಮ್ಮ ಕೈಗೆ ಸಿಗುವುದೇ ಇಲ್ಲ. ಫಿಸಿಕ್ಸ್‌ನವರ ಡಿಸಿ ಪವರ್ ಸಪ್ಲೈ ಸಾಕಾ? ಎಷ್ಟು ಹೊತ್ತು ಓಡಿಸಬೇಕು? ದ್ರಾವಣದಲ್ಲಿ ಕರೆಂಟ್ ಹರಿಯಲು ಬೇಕಾದ ಉಪ್ಪಾಗಿ ಲಿಥಿಯಂ ಪರ್ಕ್ಲೋರೇಟ್ ಇದೆ.

ಉತ್ತರ (ಪ್ರೊಸೆಸ್ ಕೆಮಿಸ್ಟ್): ಧಾರಾಳವಾಗಿ ಸಾಕಮ್ಮ. ವೋಲ್ಟೇಜ್ ಬದಲು ಕರೆಂಟನ್ನು ಸ್ಥಿರವಾಗಿಡಿ. ಆದರೆ 3 ಆಂಪಿಯರ್ ಸಪ್ಲೈನ ಡಿಸ್‌ಪ್ಲೇ 10 ಮಿಲಿಆಂಪಿಯರ್ ಹತ್ತಿರ ನಂಬಿಕೆಗೆ ಬರುವುದಿಲ್ಲ. ಸರಣಿಯಲ್ಲಿ ಒಂದು ಮಲ್ಟಿಮೀಟರ್ ಹಾಕಿ, ಅದನ್ನೇ ನೋಡಿ.

ಹೊತ್ತಿನ ಲೆಕ್ಕ ಸುಲಭ. 1 ಮಿಲಿಮೋಲ್ ಅಮೈಡ್, ಅಣುವಿಗೆ ಎರಡು ಎಲೆಕ್ಟ್ರಾನ್ ಅಂದರೆ ಸುಮಾರು 193 ಕೂಲಂಬ್. 10 ಮಿಲಿಆಂಪಿಯರ್‌ಗೆ 5 ಗಂಟೆ 20 ನಿಮಿಷ ಹಿಡಿಯುತ್ತದೆ. ಕರೆಂಟೆಲ್ಲ ನಿಮ್ಮ ರಿಯಾಕ್ಷನ್‌ಗೇ ಹೋಗುವುದಿಲ್ಲ, ಸ್ವಲ್ಪ ಜಾಸ್ತಿ ಕೊಡಬೇಕಾಗುತ್ತದೆ. ಟಿಎಲ್‌ಸಿ (ರಿಯಾಕ್ಷನ್ ಎಷ್ಟು ಮುಗಿದಿದೆ ಎಂದು ತೋರಿಸುವ ತೆಳುಪದರ ಪರೀಕ್ಷೆ) ನೋಡಿ ನಿಲ್ಲಿಸಿ.

ಪರ್ಕ್ಲೋರೇಟ್ ಮಾತ್ರ ಬೇಡ. ಹಳೆ ಪೇಪರ್‌ಗಳಲ್ಲಿ ಇರುತ್ತದೆ, ನಿಜ. ಕೊನೆಗೆ ಮೆಥನಾಲ್ ಆವಿ ಮಾಡಿ ಒಣಗಿಸುತ್ತೀರಲ್ಲ, ಆಗ ಆರ್ಗ್ಯಾನಿಕ್ ಜೊತೆ ಸೇರಿ ಸಿಡಿಯಬಹುದು. ಬದಲಿಗೆ ಟೆಟ್ರಾಈಥೈಲ್ ಅಮೋನಿಯಂ ಟೋಸಿಲೇಟ್ ಅನ್ನುವ ಉಪ್ಪು ಬಳಸಿ. ಕ್ಯಾಥೋಡ್‌ನಲ್ಲಿ ಹೈಡ್ರೋಜನ್ ಬರುತ್ತದೆ. ಫ್ಯೂಮ್ ಹುಡ್‌ನಲ್ಲೇ ಮಾಡಿ, ಸೆಲ್‌ನ ಬಾಯಿ ಬಿಗಿಯಾಗಿ ಮುಚ್ಚಬೇಡಿ.

ಪ್ರಶ್ನೆ (ಕಾಲೇಜು ಉಪನ್ಯಾಸಕ): ಕರೆಂಟ್‌ನಿಂದ ಸಿಂಥೆಸಿಸ್ ಮಾಡುವುದನ್ನು ಜರ್ಮನ್ ಕೆಮಿಸ್ಟ್ ಕೋಲ್ಬೆ 19ನೇ ಶತಮಾನದಲ್ಲೇ ಮಾಡಿದ್ದಲ್ವಾ ಸರ್? ಈಗೇನು ಹೊಸತು?

ಉತ್ತರ: ಹೌದು, ಹಳೆಯದೇ. ಅಮೆರಿಕದ ಮಾನ್ಸಾಂಟೊ ಕಂಪನಿ 1965ರಲ್ಲೇ ಕರೆಂಟ್ ಹರಿಸಿ ಅಕ್ರಿಲೋನೈಟ್ರೈಲ್‌ನಿಂದ ಅಡಿಪೋನೈಟ್ರೈಲ್ ಮಾಡುವ ಪ್ಲಾಂಟ್ ಓಡಿಸಿತು. ನೈಲಾನ್‌ಗೆ ಬೇಕಾದ ಮಾಲು ಅದು. ಆದರೆ ಸಾಮಾನ್ಯ ಸಿಂಥೆಟಿಕ್ ಕೆಮಿಸ್ಟ್‌ಗೆ ಈ ಸೆಲ್, ವಯರ್ ಎಲ್ಲ ತಲೆನೋವು. ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯ ಕೆಮಿಸ್ಟ್ ಫಿಲ್ ಬರಾನ್ ಗುಂಪಿನ ಜೊತೆ ಸೇರಿ ಐಕೆಎ ಕಂಪನಿ ಎಲೆಕ್ಟ್ರಾಸಿನ್ ಅನ್ನುವ ಪುಟ್ಟ ರೆಡಿ ಯಂತ್ರ ತಂದಿತು. ನನ್ನ ಪ್ರಕಾರ ಕೆಮಿಸ್ಟ್ರಿಗಿಂತ ಆ ಡಬ್ಬಿಯೇ ಜಾಸ್ತಿ ಜನರನ್ನು ಈ ಕಡೆ ಎಳೆಯಿತು.

ವಿದ್ಯಾರ್ಥಿನಿ: ಥ್ಯಾಂಕ್ಸ್ ಸರ್. ನಡುವೆ ವೋಲ್ಟೇಜ್ ತಾನೇ ಏರುತ್ತಾ ಹೋದರೆ?

ಉತ್ತರ: ಮೊದಲು ಕ್ಲಿಪ್ ಸಡಿಲ ಆಗಿದೆಯಾ ನೋಡಿ. ಇಲ್ಲವಾದರೆ ಗ್ರಾಫೈಟ್ ಎಲೆಕ್ಟ್ರೋಡ್ ಹೊರತೆಗೆಯಿರಿ. ಮೇಲೆ ಅಂಟಂಟಾದ ಪೊರೆ ಕೂತಿರುತ್ತದೆ. ಮರಳು ಕಾಗದದಿಂದ ಉಜ್ಜಿ, ಮೆಥನಾಲ್‌ನಲ್ಲಿ ತೊಳೆದು ಮತ್ತೆ ಹಾಕಿ. ಅಷ್ಟರವರೆಗೆ ಹರಿದ ಕೂಲಂಬ್ ಬರೆದಿಟ್ಟುಕೊಳ್ಳಿ.