ಮ್ಯೂಚುಯಲ್ ಡಿವೋರ್ಸ್‌ಗೆ (ಇಬ್ಬರೂ ಒಪ್ಪಿ ಪಡೆಯೋದು) ಹೋಗೋದಾ, ಬೇಡ್ವಾ? ಜೀವನಾಂಶ, ಕಸ್ಟಡಿ ಬಗ್ಗೆ ಗೊತ್ತಿರೋರು ಹೇಳಿ

ಪ್ರಶ್ನೆ: ಹಿಂದೂ ವಿವಾಹ ಕಾಯ್ದೆಯಡಿ ಮದುವೆ. ಬೇರೆಯಾಗಿ 14 ತಿಂಗಳು. ನಾಲ್ಕು ವರ್ಷದ ಮಗು ತಾಯಿ ಹತ್ರ. ಬೇಗ ಮುಗೀಬೇಕು, ದುಡ್ಡಿನ ವಿಷಯ ಆಮೇಲೆ ತಕರಾರಾಗಬಾರದು.

ವಾಯಿದೆ_ಸಾಕಪ್ಪ: 13ಬಿ, ಅಂದ್ರೆ ಮ್ಯೂಚುಯಲ್ ಡಿವೋರ್ಸ್‌ನ ಕಲಂ, ಅದು ಬಿಟ್ಟು ಬೇರೆ ಯೋಚನೆನೇ ಬೇಡ. ಮೊದಲ ಮೋಷನ್ (ಇಬ್ಬರೂ ಸೇರಿ ಹಾಕೋ ಮೊದಲ ಅರ್ಜಿ) ಆದ್ಮೇಲೆ ಎರಡನೇ ಮೋಷನ್‌ಗೆ (ಡಿವೋರ್ಸ್ ಕೊಡಿ ಅಂತ ಮತ್ತೆ ಕೇಳೋದು) ಆರು ತಿಂಗಳು ಕಾಯಬೇಕು ಅಂತ ಹೆದರಿಸ್ತಾರೆ. ಸುಪ್ರೀಂ ಕೋರ್ಟ್‌ನ 2017ರ ಅಮರ್‌ದೀಪ್ ಸಿಂಗ್ ತೀರ್ಪು ಇದೆಯಲ್ಲ, ಮೊದಲ ಮೋಷನ್ ಆಗಿ ಒಂದು ವಾರಕ್ಕೆ ಆ ಆರು ತಿಂಗಳ ಮನ್ನಾಗೆ ಅರ್ಜಿ ಹಾಕಿ.

ಹಳೇ_ಫೈಲು: ಅರ್ಧ ತೀರ್ಪು ಓದಿ ಸಲಹೆ ಕೊಡಬೇಡಿ ಸ್ವಾಮಿ. ಆ ತೀರ್ಪಿನ ಪ್ರಕಾರ ಮನ್ನಾಗೆ ಮೊದಲ ಮೋಷನ್‌ಗೂ ಮುಂಚೆ ಒಂದೂವರೆ ವರ್ಷ ಬೇರೆ ಇದ್ದಿರಬೇಕು. 14 ತಿಂಗಳಿಗೆ ಮನ್ನಾ ಸಿಗುತ್ತೆ ಅಂತ ನಂಬಿ ಕೂರೋಕಾಗಲ್ಲ. ಜೀವನಾಂಶ, ಕಸ್ಟಡಿ ಎಲ್ಲಾ ಇತ್ಯರ್ಥ ಆಗಿರಬೇಕು, ರಾಜಿ ಯತ್ನ ವಿಫಲ ಆಗಿರಬೇಕು. ಇನ್ನೊಂದು: ಡಿಕ್ರಿ (ಡಿವೋರ್ಸ್‌ನ ಅಂತಿಮ ಆದೇಶ) ಆಗೋವರೆಗೂ ಯಾರು ಬೇಕಾದ್ರೂ ಸಮ್ಮತಿ ವಾಪಸ್ ತಗೋಬಹುದು, 1991ರಿಂದ ಇದೇ ಕಾನೂನು. ಅದಕ್ಕೇ ದುಡ್ಡು ಒಂದಿಷ್ಟು ಮೊದಲ ಮೋಷನ್‌ಗೆ, ಉಳಿದದ್ದು ಎರಡನೇ ಮೋಷನ್ ದಿನ ಜಡ್ಜ್ ಮುಂದೆ ಡಿಡಿ. ಎಲ್ಲಾ ಮೊದಲೇ ಸುರಿದವರು ಆಮೇಲೆ ಕೈ ಕೈ ಹಿಸುಕಿಕೊಳ್ತಾರೆ.

ತಾಯಿ_ಪಕ್ಷ: ಕೊಡೋರ ಸಂಕಟ ಮಾತ್ರ ಕಾಣುತ್ತೆ ನಿಮಗೆ. ಸುಪ್ರೀಂ ಕೋರ್ಟ್‌ನ 2020ರ ರಜನೀಶ್ ವರ್ಸಸ್ ನೇಹಾ ತೀರ್ಪಿನ ಪ್ರಕಾರ ಜೀವನಾಂಶದ ಕೇಸಲ್ಲಿ ಇಬ್ಬರೂ ಆಸ್ತಿ, ಸಾಲದ ಅಫಿಡವಿಟ್ ಕೊಡಬೇಕು. ಅಲ್ಲೇ ಆಟ ಶುರು. ಸ್ವಯಂಪ್ರೇರಿತ ಪಿಎಫ್ ಏರಿಸಿ, ಹೊಸ ಇಎಂಐ ಹಾಕ್ಕೊಂಡು "ಕೈಗೆ ಬರೋದು ಇಷ್ಟೇ" ಅಂತಾರೆ. ತೆರಿಗೆ, ಕಡ್ಡಾಯ ಪಿಎಫ್ ಮಾತ್ರ ಕಳೆದು ಲೆಕ್ಕ ಹಾಕಿ ಅಂತ ಆಕ್ಷೇಪಣೆಯಲ್ಲಿ ಬರೆಸಿ. ಜೀವನಾಂಶ ಸಿಗೋದು ಅರ್ಜಿ ಹಾಕಿದ ದಿನದಿಂದ, ಹಾಗಾಗಿ ಅರ್ಜಿ ತಡ ಮಾಡಿದಷ್ಟೂ ನಷ್ಟ. ಬಾಕಿ ಬಿದ್ದ ವರ್ಷದೊಳಗೆ ವಸೂಲಿ ಅರ್ಜಿ ಹಾಕದಿದ್ರೆ ಎಳ್ಳುನೀರು.

ಹಳೇ_ಫೈಲು: ತಪ್ಪು. ವರ್ಷ ದಾಟಿದ್ರೆ ವಾರಂಟ್ ದಾರಿ ಮಾತ್ರ ಮುಚ್ಚುತ್ತೆ, ಹಕ್ಕು ಉಳಿಯುತ್ತೆ. 2013ರ ಪೂಂಗೋಡಿ ತೀರ್ಪು ನೋಡಿ.

ತಾಯಿ_ಪಕ್ಷ: ಹಕ್ಕನ್ನ ಫ್ರೇಮ್ ಹಾಕಿಸಿ ಗೋಡೆಗೆ ನೇತುಹಾಕ್ಕೋಬೇಕಾ? ಸಿವಿಲ್ ವಸೂಲಿಗೆ ಅಲೆದವರಿಗೆ ಗೊತ್ತು.

ವಾಯಿದೆ_ಸಾಕಪ್ಪ: ಒಂದು ತಿಂಗಳು ಜೈಲಿಗೆ ಹೋಗಿ ಬಂದ್ರೆ ಬಾಕಿ ಚುಕ್ತಾ, ಅಲ್ವಾ?

ಹಳೇ_ಫೈಲು: ಅಲ್ಲ! ಸುಪ್ರೀಂ ಕೋರ್ಟ್‌ನ ಕುಲದೀಪ್ ಕೌರ್ ತೀರ್ಪು ನೋಡಿ. ಜೈಲು ವಸೂಲಿಯ ದಾರಿ ಅಷ್ಟೇ, ಬಾಕಿ ಹಾಗೇ ಇರುತ್ತೆ. ಜೀವನಾಂಶ ಅಂದ್ರೆ ಸಂಬಳದ 25% ಅನ್ನೋದೂ ಕಟ್ಟಳೆ ಅಲ್ಲ, ಯಾರಾದ್ರೂ ಅದನ್ನ ಹಿಡ್ಕೊಂಡು ಬರೋ ಮುಂಚೆ ಹೇಳಿಬಿಡ್ತೀನಿ.

ಅರ್ಧ_ರಜೆ: ನೀವಿಬ್ಬರೂ ಕಚ್ಚಾಡ್ತಿರಿ. ಐದು ವರ್ಷದವರೆಗೆ ಮಗು ಸಾಮಾನ್ಯವಾಗಿ ತಾಯಿ ಹತ್ರ, ಆದ್ರೆ ಐದು ತುಂಬಿದ ಮಾತ್ರಕ್ಕೆ ತಂದೆಗೆ ಅಂತ ಎಲ್ಲೂ ಇಲ್ಲ. ಒಪ್ಪಂದದಲ್ಲಿ "ಭೇಟಿಗೆ ಅವಕಾಶವಿದೆ" ಅಂತ ಒಂದೇ ಸಾಲು ಬರೆಸಿದ್ರೆ ಕೆಟ್ಟಿರಿ. ಯಾವ ವಾರ, ಎಷ್ಟು ಗಂಟೆಗೆ, ಎಲ್ಲಿ ಕರ್ಕೊಂಡು ಬಂದು ಬಿಡೋದು, ಬೇಸಿಗೆ ರಜೆಯ ಯಾವ ಅರ್ಧ ಯಾರಿಗೆ, ಹುಷಾರಿಲ್ಲದಿದ್ರೆ ಬದಲಿ ದಿನ, ವಿಡಿಯೋ ಕಾಲ್, ಪಾಸ್‌ಪೋರ್ಟ್ ಸಹಿ, ಶಾಲೆ ಫೀಸು ತಿಂಗಳ ಮೊತ್ತದೊಳಗಾ ಹೊರಗಾ, ವರ್ಷಕ್ಕೆ ಎಷ್ಟು ಶೇಕಡ ಏರಿಕೆ, ಎಲ್ಲಾ ಬರಬೇಕು. ದುಡ್ಡು ಖಾತೆಗೇ ಹಾಕಿ, ನಗದು ಕೊಟ್ಟು ರಸೀದಿ ಇಲ್ಲ ಅಂತ ಆಮೇಲೆ ಅಳಬೇಡಿ.

ತಾಯಿ_ಪಕ್ಷ: "ಮಗುವಿಗೆ ಮುಂದೆ ಏನೂ ಕೇಳಲ್ಲ" ಅಂತ ತಾಯಿ ಕೈಲಿ ಸಹಿ ಹಾಕಿಸೋರೂ ಇದ್ದಾರೆ. ಮಗುವಿನ ಹಕ್ಕನ್ನ ಅಪ್ಪ ಅಮ್ಮ ಬಿಟ್ಟುಕೊಡೋಕಾಗಲ್ಲ.

ವಾಯಿದೆ_ಸಾಕಪ್ಪ: ಯಾರಿಗೆ ಹೇಳಿದ್ದು ಅದು?