ಟೂರಿಂಗ್ ಸ್ಕೀ: ಹೊಸಬರಿಗೆ ಯಾವ ಜಾಗ? ಸ್ಕಿನ್‌ನ ಅಂಟೂ ಹಾಳಾಗಿದೆ

ಪೆರ್ಲ
ಫೆಬ್ರವರಿಯಲ್ಲಿ ಮೂರು ಜನ ಟೂರಿಂಗ್‌ಗೆ, ಅಂದರೆ ಸ್ಕೀ ಹಾಕಿ ನಾವೇ ಬೆಟ್ಟ ಹತ್ತಿ ಇಳಿಯಲು, ಹೊರಡುವವರಿದ್ದೇವೆ. ಮೂವರಿಗೂ ಬೇಸಿಕ್ ಕೋರ್ಸ್ ಆಗಿದೆ, ಆದರೆ ಲಿಫ್ಟ್ ಇಲ್ಲದೆ ಹತ್ತಿ ಗೊತ್ತಿಲ್ಲ. ಮನಸ್ಸಲ್ಲಿರುವುದು ಔಲಿಯ ಮೇಲಿನ ಗೋರ್ಸೋಂ ಬುಗ್ಯಾಲ್, ಮನಾಲಿ ಹತ್ತಿರದ ಸೇಥನ್, ಗುಲ್ಮಾರ್ಗ್‌ನ ಅಫರ್ವಾಟ್. ವಿಡಿಯೊದಲ್ಲಿ ಮೂರೂ ಒಂದೇ ರೀತಿ ಕಾಣ್ತದೆ. ಯಾವುದಕ್ಕೆ ಹೋಗುವುದು? ಮತ್ತೆ, ಸೆಕೆಂಡ್ ಹ್ಯಾಂಡ್ ಸ್ಕಿನ್ (ಹತ್ತುವಾಗ ಜಾರದ ಹಾಗೆ ಸ್ಕೀಯ ತಳಕ್ಕೆ ಅಂಟಿಸುವ ಪಟ್ಟಿ) ಮಳೆಗಾಲ ಪೂರ್ತಿ ಅಟ್ಟದಲ್ಲಿತ್ತು, ಈಗ ಅಂಟು ಬೆರಳಿಗೇ ಹತ್ತಿ ಬರ್ತದೆ.

ಪೊಸಡಿಗುಂಪೆ
ವಿಡಿಯೊ ನೋಡಿ ಜಾಗ ಆರಿಸಬೇಡಿ. ಕ್ಯಾಮೆರಾದಲ್ಲಿ ಎಂಥ ಕಡಿದಾದ ಇಳಿಜಾರೂ ಚಪ್ಪಟೆಯಾಗಿ ಕಾಣುತ್ತದೆ. ಕೋನ ಅಳೆದೇ ತೀರ್ಮಾನಿಸಬೇಕು.

ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ. ಹಾಗಾಗಿ ನಿಮ್ಮ ದಾರಿ 30ಕ್ಕಿಂತ ಕೆಳಗಿರಬೇಕು. ಅಷ್ಟೇ ಸಾಲದು, ಆ ದಾರಿಯ ತಲೆಯ ಮೇಲೂ 30 ದಾಟಿದ ಇಳಿಜಾರು ಇರಬಾರದು. ಹೊಸಬರು ತಪ್ಪುವುದು ಈ ಎರಡನೆಯದರಲ್ಲೇ. ತಾವು ನಿಂತದ್ದು ಗದ್ದೆಯ ಹಾಗಿದ್ದರೂ ಮೇಲಿನಿಂದ ಜಾರಿದ ಹಿಮ ಅಲ್ಲಿಗೇ ಬಂದು ನಿಲ್ಲುತ್ತದೆ.

ನಕಾಶೆಯಲ್ಲಿ ನೋಡುವುದಾದರೆ, 1:50,000 ಅಳತೆಯಲ್ಲಿ 40 ಮೀಟರ್ ಅಂತರದ ಎರಡು ಎತ್ತರರೇಖೆಗಳ ನಡುವೆ 1.4 ಮಿಲಿಮೀಟರ್‌ಗಿಂತ ಕಡಿಮೆ ಜಾಗ ಇದ್ದರೆ ಅದು 30 ದಾಟಿತು ಎಂದೇ ಲೆಕ್ಕ. 20 ಮೀಟರ್ ಅಂತರದ ರೇಖೆಯಾದರೆ 0.7. ಆದರೆ ಹತ್ತು ಹದಿನೈದು ಮೀಟರ್ ಎತ್ತರದ ಸಣ್ಣ ದಿಬ್ಬ ಎರಡು ರೇಖೆಗಳ ನಡುವೆ ಅಡಗಿಕೊಂಡು ನಕಾಶೆಗೆ ಸಿಗುವುದೇ ಇಲ್ಲ. ಅದಕ್ಕೆ ಜಾಗದಲ್ಲಿ ಸ್ಕೀ ಕೋಲನ್ನು ನೀರು ಹರಿಯುವ ದಿಕ್ಕಿಗೆ ಹಿಮದ ಮೇಲೆ ಮಲಗಿಸಿ, ಫೋನನ್ನು ಅದರ ಮೇಲಿಟ್ಟು ಕೋನ ಓದಿ.

ಕಣ್ಣಿಗೆ ಅಭ್ಯಾಸ ಊರಲ್ಲೇ ಮಾಡಬಹುದು. ಹಂಚಿನ ಮಾಡಿನ ಪಕ್ಕಾಸಿಗೆ ಫೋನ್ ಒತ್ತಿ ಹಿಡಿಯಿರಿ. ನಾಲ್ಕೈದು ಮನೆಯ ಮಾಡು ಅಳೆದರೆ 25 ಎಷ್ಟು, 35 ಎಷ್ಟು ಎಂದು ದೂರದಿಂದಲೇ ಅಂದಾಜು ಸಿಗುತ್ತದೆ.

ಕುಂಬಳೆ ಕಡಲು
ಜಾಗದ ಬಗ್ಗೆ: ನಿಮಗೆ ಮೊದಲು ಗೋರ್ಸೋಂ. ಔಲಿಯಿಂದ ಸುಮಾರು 3 ಕಿ.ಮೀ., ಅಗಲವಾದ ಹುಲ್ಲುಗಾವಲು, ಬಂದ ದಾರಿಯಲ್ಲೇ ವಾಪಸ್ ಇಳಿಯಬಹುದು. ಬುಗ್ಯಾಲಿನ ಅಂಚಿನ ಕಮರಿಗಳಿಗೆ ಮಾತ್ರ ಇಳಿಯಬೇಡಿ. ಜೋಶಿಮಠದ ರೋಪ್‌ವೇ 2023ರ ಜನವರಿಯಲ್ಲಿ ನೆಲ ಕುಸಿದಾಗ ನಿಂತಿತ್ತು, ಆದ್ದರಿಂದ ಅದನ್ನು ನಂಬದೆ ರಸ್ತೆಯಲ್ಲಿ ಔಲಿಗೆ ಹತ್ತುವ ಲೆಕ್ಕ ಹಾಕಿ.

ಎರಡನೆಯದು ಸೇಥನ್, ಸುಮಾರು 2,700 ಮೀಟರ್. ಹಳ್ಳಿಯ ಸುತ್ತಿನ ಬಯಲು ಸಾಕು. ಹಾಮ್ಟಾ ಕಣಿವೆಯ ಒಳಗೆ ಹೋದಂತೆ ಎರಡೂ ಬದಿಯ ಗೋಡೆ ಕಡಿದಾಗುತ್ತದೆ, ಅಲ್ಲಿಗೆ ಬೇಡ.

ಅಫರ್ವಾಟ್ ಈ ವರ್ಷ ಬಿಡಿ, ದಯವಿಟ್ಟು. ಗೊಂಡೊಲಾದ ಎರಡನೇ ಹಂತ ಸುಮಾರು 3,950 ಮೀಟರ್‌ಗೆ ಒಯ್ದು ಬಿಡುತ್ತದೆ, ಬೇಲಿ ದಾಟಿದರೆ ಕೂಡಲೇ ಹಿಮಕುಸಿತದ ಜಾಗ. 2023ರ ಫೆಬ್ರವರಿಯಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರವರಿಯಲ್ಲಿ ರಷ್ಯಾದ ಒಬ್ಬರು ಅಲ್ಲಿ ಹಿಮದಡಿ ತೀರಿಕೊಂಡರು.

ಹೊಸ ಹಿಮ ಬಿದ್ದ ಮೇಲೆ ಎರಡು ದಿನವಾದರೂ ಕಾಯಿರಿ. ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಡಿ.ಜಿ.ಆರ್.ಇ.ಯ ಹಿಮಕುಸಿತ ಮುನ್ಸೂಚನೆ ದಿನಾ ನೋಡಿ. ಹುಗಿದವರ ಜಾಗ ತೋರಿಸುವ ಸಿಗ್ನಲ್ ಸಾಧನ, ಹಿಮಕ್ಕೆ ಚುಚ್ಚಿ ಹುಡುಕುವ 240 ಸೆಂ.ಮೀ.ಯ ಕೋಲು (ಪ್ರೋಬ್), ಅಲ್ಯೂಮಿನಿಯಂ ಸಲಿಕೆ ಮೂವರ ಹತ್ತಿರವೂ ಇರಬೇಕು. ಒಬ್ಬರದ್ದು ಇನ್ನೊಬ್ಬರಿಗೆ ಬಾರದು, ಯಾಕೆಂದರೆ ಹುಗಿದು ಹೋದವರನ್ನು ಹುಡುಕುವವರು ಉಳಿದಿಬ್ಬರೇ. ಕಾಸರಗೋಡಿನಿಂದ ಮಂಗಳಾ ಎಕ್ಸ್‌ಪ್ರೆಸ್‌ನಲ್ಲಿ ನಿಜಾಮುದ್ದೀನ್‌ಗೆ ಹೋದರೂ, ಸಮುದ್ರಮಟ್ಟದವರು ಹಿಮಕ್ಕೆ ಮೊದಲು 2,500 ಮೀಟರ್ ಆಸುಪಾಸಿನಲ್ಲಿ ಎರಡು ರಾತ್ರಿ ಮಲಗಲೇಬೇಕು.

ಪೊಸಡಿಗುಂಪೆ
ಸ್ಕಿನ್ ವಿಷಯ. ಬೆರಳಿಗೆ ನೂಲು ನೂಲಾಗಿ ಅಂಟು ಬಂದರೆ ಅದು ಸತ್ತ ಅಂಟು. ಹಂಚಿನಡಿಯ ಬಿಸಿ, ಮಳೆಗಾಲದ ತೇವ ಎರಡೂ ಸೇರಿ ಹಾಳು ಮಾಡಿದೆ. ಹಾಗೇ ಹೋದರೆ ಚಳಿಯಲ್ಲಿ ಸ್ಕೀ ಬಿಟ್ಟು ಕಳಚಿ ಬೀಳುತ್ತದೆ, ಉಳಿದದ್ದು ಸ್ಕೀಯ ತಳಕ್ಕೆ ಮೆತ್ತಿಕೊಳ್ಳುತ್ತದೆ.

ಸ್ಕಿನ್‌ನ ಅಂಟಿನ ಬದಿಯ ಮೇಲೆ ಕಂದು ಕಾಗದ ಹಾಸಿ, ಇಸ್ತ್ರಿಪೆಟ್ಟಿಗೆಯನ್ನು ಸಣ್ಣ ಬಿಸಿಯಲ್ಲಿಟ್ಟು ಮೇಲೆ ಎಳೆಯಿರಿ. ಕಾಗದ ಎಣ್ಣೆ ಹಿಡಿದ ಹಾಗೆ ಕಪ್ಪಾದ ಕೂಡಲೇ, ಬಿಸಿಯಿರುವಾಗಲೇ ಕಿತ್ತು ತೆಗೆಯಿರಿ. ಎಲ್ಲ ಬರುವವರೆಗೆ ಹೊಸ ಕಾಗದ. ನಂತರ ಹೊಸ ಅಂಟು ಎರಡು ಮೂರು ತೆಳು ಕೋಟ್, ಒಂದು ದಿನ ಒಣಗಲಿ. ದಪ್ಪ ಹಚ್ಚಿದರೆ ಮತ್ತೆ ಇದೇ ಅವಸ್ಥೆ. ಸಿಲಿಕೋನ್ ತಳದ ಸ್ಕಿನ್ ಆದರೆ ಇಸ್ತ್ರಿ ಮುಟ್ಟಿಸಲೇಬೇಡಿ.

ಪೆರ್ಲ
ಅರ್ಧ ಅಡಿ ಮಾಡಿ ನೋಡಿದೆ. ನಡುವೆ ಚೆನ್ನಾಗಿ ಬರ್ತದೆ, ಅಂಚಿನಲ್ಲಿ ಮಾತ್ರ ಉಳೀತದೆ.

ಪೊಸಡಿಗುಂಪೆ
ಅಂಚಿನಲ್ಲಿ ಬಿಸಿ ತಾಗುವುದು ಕಡಿಮೆ. ಸ್ಕಿನ್ ಅನ್ನು ಹಲಗೆಗೆ ಎಳೆದು ಮೊಳೆ ಹೊಡೆದು, ಪೆಟ್ಟಿಗೆಯ ಮೂತಿಯಿಂದ ಅಂಚಷ್ಟೇ ಒತ್ತಿ. ಆಮೇಲೆ ಎರಡು ಬದಿಯಲ್ಲೂ ಸ್ಕೀಯ ಕಬ್ಬಿಣದ ಅಂಚು ಒಂದೆರಡು ಮಿಲಿಮೀಟರ್ ಕಾಣುವಂತಿದೆಯೇ ನೋಡಿ. ಮುಚ್ಚಿದ್ದರೆ ಗಟ್ಟಿ ಹಿಮದಲ್ಲಿ ಅಡ್ಡ ನಡೆಯುವಾಗ ಜಾರುತ್ತದೆ.

ಕುಂಬಳೆ ಕಡಲು
ಆ ಅಂಚಿಗೆ ನಮ್ಮ ಉಪ್ಪುಗಾಳಿ ತಾಗಿದರೆ ಒಂದೇ ತಿಂಗಳಲ್ಲಿ ತುಕ್ಕು. ತಳಕ್ಕೂ ಅಂಚಿಗೂ ಮೇಣ ಕರಗಿಸಿ ದಪ್ಪಕ್ಕೆ ಬಳಿದು, ಹೊರಡುವ ಹಿಂದಿನ ದಿನವಷ್ಟೇ ಕೆರೆಯಿರಿ. ಸ್ಕಿನ್ ಅಟ್ಟಕ್ಕೆ ಬೇಡ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿಯಲ್ಲಿ ಮನೆಯ ತಣ್ಣಗಿನ ಮೂಲೆಗೆ. ಬೆಟ್ಟದಲ್ಲಿ ನಿಂತಾಗಲೆಲ್ಲ ಜಾಕೆಟ್ಟಿನ ಒಳಗೆ ಎದೆಗೆ ತಾಗಿಸಿಡಿ, ಜತೆಗೆ ನಾಲ್ಕು ರಬ್ಬರ್ ಪಟ್ಟಿ ಇರಲಿ. ಅಂಟು ಬಿಟ್ಟರೆ ಪಾದದ ಮುಂದೊಂದು ಹಿಂದೊಂದು ಬಿಗಿದು ವಾಪಸ್ ಬರಬಹುದು.